ಸೋರಲಿಕ್ಕೆಂದೇ ಇಟ್ಟ ಕೊಳವೆ

ನಮ್ಮ ಮಾವ ಜನ್ಮದಲ್ಲಿ ಒಂದು ಬಸ್ಸಿನ ಮುಖವನ್ನೂ ನೆಟ್ಟಗೆ ನೋಡಿದವರಲ್ಲ. ಅವರು ನೋಡುತ್ತಿದ್ದುದು ಬಸ್ಸಿನ ಹೊಟ್ಟೆಯನ್ನು! ಆಗ ಬೀಳಗಿಗೆ ಬರುತ್ತಿದ್ದ ಮೂರೂ ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆಲ್ಲ ಚಾದರ ಹೊದಿಸಿ, ಬರೀ ಕೆಳಭಾಗವನ್ನು ತೋರಿಸಿ ಯಾವುದು ಯಾವುದೆಂದು ಕೇಳಿದ್ದರೆ ಅವರು ತಡವರಿಸದೆ ಹೇಳುತ್ತಿದ್ದರು. ಬಣ್ಣ ಕೇಳಿದ್ದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು. ಬಣ್ಣದಿಂದ ನೀರು ಸೋರುವುದಿಲ್ಲವಲ್ಲ, ಅದನ್ನು ನೋಡಿ ಏನು ಮಾಡಬೇಕು?

ಮಾವ ಎಂದರೆ ನನ್ನ ಅವ್ವನ ಅಣ್ಣ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಈಗ ಅವರು ನೆನಪಾದದ್ದು ನನ್ನ ಅಳಿಯನ ಹೊಸ ಕಾರಿನಿಂದ. ಕಳೆದ ಬೇಸಿಗೆಯಲ್ಲಿ ಅಳಿಯ ಅದನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ ಒಳಗೆ ಮಜ್ಜಿಗೆ ಕುಡಿಯುತ್ತಾ ಕುಳಿತಿದ್ದ. ನಾನು ತುಳಸಿಗೆ ನೀರು ಹಾಕಲು ಹೊರಗೆ ಬಂದರೆ ಕಾರಿನ ಕೆಳಗೆ ಟಪ್ ಟಪ್ ಎಂದು ಹನಿ ಬೀಳುತ್ತಿದೆ, ಅಂಗೈಯಗಲ ನೆಲ ತೊಯ್ದಿದೆ. ನಾನು ಕೂಗಿದ ಕೂಗಿಗೆ ಅಳಿಯ ಲೋಟದ ಸಮೇತ ಓಡಿಬಂದ. ಬಂದು ನೋಡಿ ನಕ್ಕುಬಿಟ್ಟ.

“ಅತ್ತೀ, ಅದು ಏಸಿ ನೀರು. ಒಳಗಿನ ಗಾಳಿ ತಂಪಾದಾಗ ಅದರಾಗಿನ ಪಸಿ ನೀರಾಗಿ ಆ ಕೊಳವ್ಯಾಗಿಂದ ಹೊರಗ ಬೀಳತೈತಿ. ಅಂಜಬ್ಯಾಡ್ರಿ. ಅದು ಸೋರಾಕಂತನ ಇಟ್ಟ ಕೊಳವಿ.”

ನಾನೂ ನಕ್ಕೆ. ಆದರೆ ನಗು ಅರ್ಧಕ್ಕೇ ನಿಂತಿತು. ಏಕೆಂದರೆ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ, ನಾನು ಮೊದಲು ಕೇಳಿದ್ದು ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ. ಹೇಳಿದವನು ಮೋಟಾರಿನ ಡ್ರೈವರ್ ಹಸನಸಾಬ. ಹೇಳಿಸಿಕೊಂಡವರು ನಮ್ಮ ಮಾವ. ಒಮ್ಮೆಯಲ್ಲ, ಕನಿಷ್ಠ ನೂರು ಸಲ.

ಮಾವ ಬನಹಟ್ಟಿಯಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅದು. ಪಕ್ಕದಲ್ಲಿ ಯಾವಾಗಲೂ ನೀರು ತುಂಬಿದ ಒಂದು ಮಣ್ಣಿನ ಬೋಗುಣಿ. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳು ಅದರಲ್ಲಿ ನೆನೆಯುತ್ತಿರಬೇಕು. ಒಣ ನೂಲು ಹೊಕ್ಕರೆ ಬಟ್ಟೆ ಸಡಿಲ, ಮೇಲಾಗಿ ಎಳೆ ಹರಿಯುವ ಕಾಟ. ಆದ್ದರಿಂದ ಬೋಗುಣಿಯ ನೀರು ಎರಡು ಬೆರಳು ಇಳಿದರೂ ಮಾವ ಮಗ್ಗ ಬಿಟ್ಟೆದ್ದು ಕಂಠಮಟ ತುಂಬಿಸುತ್ತಿದ್ದರು. ನೀರು ಇರಬೇಕಾದ ಕಡೆ ಇರಬೇಕು, ಇರಬೇಕಾದಷ್ಟು ಇರಬೇಕು. ಇದೊಂದು ವಿಷಯದಲ್ಲಿ ಅವರು ದೇವರನ್ನೂ ನಂಬುತ್ತಿರಲಿಲ್ಲ. ಇಂಥವರ ಕಣ್ಣಿಗೆ ಮೋಟಾರಿನ ಕೆಳಗೆ ಸೋರುವ ನೀರು ಬಿದ್ದರೆ ಸುಮ್ಮನಿರುತ್ತಾರೆಯೇ?

ಮೋಟಾರು ನಿಂತ ಕಡೆಯಲ್ಲೆಲ್ಲ ಅವರು ಇಳಿಯುತ್ತಿದ್ದರು. ಧೋತರದ ಕಚ್ಚೆ ಬಿಗಿದು, ರುಮಾಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಬಗ್ಗುತ್ತಿದ್ದರು. ಹನಿ ಕಂಡರೆ ಬೆರಳಿಗೆ ಹಿಡಿದು ಉಜ್ಜಿ ನೋಡುವುದು. ಜಿಗುಟಿದ್ದರೆ ಎಣ್ಣೆ. ಜಿಗುಟಿಲ್ಲದಿದ್ದರೆ ಮೂಗಿನ ಹತ್ತಿರ. ವಾಸನೆಯಿಲ್ಲದಿದ್ದರೆ ಕೊನೆಗೆ ನಾಲಿಗೆಯ ಮೇಲೆ! ಒಮ್ಮೆ ಮುಧೋಳದ ಸ್ಟ್ಯಾಂಡಿನಲ್ಲಿ ಹಾಗೆ ರುಚಿ ನೋಡಿ, ಹುಬ್ಬು ಗಂಟಿಕ್ಕಿ, “ಎಣ್ಣಿ ಅಲ್ಲ. ನೀರಂದ್ರ ನೀರೂ ಅಲ್ಲ. ಸ್ವಲ್ಪ ಸವಳ ಐತಿ” ಎಂದು ಸಾರಿದರು. ಹಸನಸಾಬ ಬೆರಳಿನಿಂದ ಮೇಲಕ್ಕೆ ತೋರಿಸಿದ. ಮೋಟಾರಿನ ಛತ್ತಿನ ಮೇಲೆ ಬೀರೇಶ್ವರನಿಗೆ ನಡೆದುಕೊಳ್ಳುವ ಕುರುಬರೊಬ್ಬರು ತಮ್ಮ ಎರಡು ಆಡುಗಳನ್ನು ಕಟ್ಟಿದ್ದರು. ಮಾವ ಜಮಖಂಡಿ ಮುಟ್ಟುವವರೆಗೆ ಕಿಟಕಿಯಿಂದ ಉಗುಳುತ್ತಲೇ ಇದ್ದರು.

ಇಷ್ಟಾದರೂ ಬುದ್ಧಿ ಬಂತೇ? ಮುಂದಿನ ತಿಂಗಳು ಗಲಗಲಿಗೆ ಹೊರಟಾಗ ಬಗ್ಗಿ ನೋಡಿದ್ದು ಸಾಲದೆ ಪೂರ್ತಿ ಅಂಗಾತ ಮಲಗಿ ಒಳಗೆ ಸರಿದರು. ಅಷ್ಟರಲ್ಲಿ ಯಾರೋ ಹೊಸ ಡ್ರೈವರು, ಹಿಂದೆ ಮುಂದೆ ನೋಡದೆ ಗಾಡಿ ಬಿಟ್ಟುಬಿಟ್ಟ. ಅವ್ವ ಕಿಟಕಿಯಿಂದ ಚೀರಿದಳು. ಗಾಡಿಯೇನೋ ನೆಟ್ಟಗೆ ಮುಂದಕ್ಕೆ ಹೋಯಿತು. ಹಿಂದೆ ತಿರುಗಿ ನೋಡಿದರೆ ನಡು ರಸ್ತೆಯಲ್ಲಿ ಮಾವ ಬಿಸಿಲಿಗೆ ಮುಖ ಮಾಡಿ ಮಲಗಿದ್ದಾರೆ, ಒಂದು ಗಾಲಿಯೂ ಸೋಂಕಿಲ್ಲ, ಬೆರಳು ಇನ್ನೂ ಮೇಲೆತ್ತಿಯೇ ಇದೆ. ಗಾಡಿ ನಿಂತ ಮೇಲೆ ಇಳಿದು ಎಬ್ಬಿಸಲು ಓಡಿದ ಅವ್ವನಿಗೆ ಅವರು ಹೇಳಿದ ಮೊದಲ ಮಾತು, “ತಂಗೀ, ಹನಿ ಸಿಗಲಿಲ್ಲ ನೋಡು.”

ಹಸನಸಾಬನಿಗೆ ಮಾವನೆಂದರೆ ಪ್ರೀತಿ, ಅಷ್ಟೇ ತಲೆನೋವು. ಗಾಡಿ ನಿಂತಲ್ಲೆಲ್ಲ ಮಾವ ತಂಬಿಗೆಯಿಂದ ಇಂಜಿನ್ನಿನ ನೀರಿನ ಟಾಕಿಗೆ ಕಂಠಮಟ ನೀರು ತುಂಬಿಸುತ್ತಿದ್ದರು. ಹಾಗೆ ತುಂಬಿದ ಟಾಕಿ ಕಾದ ಮೇಲೆ ಹೆಚ್ಚಿನ ನೀರು ಪಕ್ಕದ ಸಣ್ಣ ಕೊಳವೆಯಿಂದ ಹೊರಗೆ ಬೀಳುತ್ತಿತ್ತು. ಅದನ್ನು ಕಂಡು ಮಾವ ಗಾಬರಿಯಾಗಿ ಮತ್ತೆ ತುಂಬಿಸುತ್ತಿದ್ದರು. ಅದು ಮತ್ತೆ ಬೀಳುತ್ತಿತ್ತು.

“ಯಜಮಾನ್ರ, ನೀವು ತುಂಬೂದಕ್ಕ ಅದು ಸೋರತೈತಿ. ಅದು ಸೋರಾಕಂತನ ಇಟ್ಟ ಕೊಳವಿರಿ” ಎನ್ನುತ್ತಿದ್ದ ಹಸನಸಾಬ.

“ಸೋರಾಕ ಯಾರರ ಕೊಳವಿ ಇಡ್ತಾರೇನು? ನಮ್ಮ ಬೋಗುಣಿಗಿ ಇಟ್ಟೀವೇನು?” ಎನ್ನುತ್ತಿದ್ದರು ಮಾವ. ಈ ವಾದ ಎಷ್ಟೋ ವರ್ಷ ನಡೆದರೂ ಮುಗಿಯಲಿಲ್ಲ.

ಇದನ್ನೆಲ್ಲ ನಾವು ಮನೆಯಲ್ಲಿ ಹೇಳಿಕೊಂಡು ಹೊಟ್ಟೆ ತುಂಬ ನಗುತ್ತಿದ್ದೆವು. ನಗು ಬರದೇ ಹೋದದ್ದು ನನ್ನ ಸರದಿ ಬಂದಾಗ.

ನಾನು ಆಗಷ್ಟೇ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾಗಿದ್ದೆ. ಜಮಖಂಡಿಯಲ್ಲಿ ಹೆಣ್ಣುಮಕ್ಕಳನ್ನು ಮಾಸ್ತರಿಕೆಯ ಟ್ರೇನಿಂಗಿಗೆ ಆರಿಸಿಕೊಳ್ಳುತ್ತಾರೆಂದು ತಿಳಿದು, ಹೆದರುತ್ತಲೇ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆ ಬಂದಿತು: ಬೆಳಿಗ್ಗೆ ಹತ್ತು ಗಂಟೆಗೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬೀಳಗಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಆ ಕಾಗದವನ್ನು ಎರಡು ಸಲ ಓದಿದ. ಅವನಿಗೆ ಇದಕ್ಕೆ ಸುತರಾಂ ಮನಸ್ಸಿರಲಿಲ್ಲ. ರಬಕವಿಯ ನೂಲಿನ ವ್ಯಾಪಾರಿಯೊಬ್ಬರ ಮಗನ ಜಾತಕ ಆಗಲೇ ದೇವರ ಮಾಡದಲ್ಲಿ ಕುಳಿತಿತ್ತು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎಂಬ ಮಾತೇ ಇರಲಿಲ್ಲ.

ಆದರೂ ಅಪ್ಪ ಬೇಡವೆನ್ನಲಿಲ್ಲ. ಬೀಡಾ ಮಡಚುತ್ತಾ ಹೇಳಿದ, “ಹೋಗಲಿ. ನಾ ಯಾವಾಗ ಬ್ಯಾಡಂದೆ? ಆದ್ರ ಒಬ್ಬಾಕಿನ್ನ ಕಳಸೂದಿಲ್ಲ. ಮಾವನ ಜೋಡಿ ಹೋಗಿ ಬರಲಿ.”

ಮಾವನ ಜೊತೆ ಹೊರಟವರು ಯಾರಾದರೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದುಂಟೇ? ಬೇಡ ಎನ್ನದೆಯೇ ಬೇಡ ಎನ್ನುವ ಕಲೆ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮಾವ ಹಿಂದಿನ ದಿನವೇ ಬನಹಟ್ಟಿಯಿಂದ ಬಂದರು. ಸಂಜೆ ಅವ್ವ ಅವರ ಮುಂದೆ ರೊಟ್ಟಿಯ ತಾಟು ಇಟ್ಟು ಅಲ್ಲೇ ಕುಳಿತಳು. “ಅಣ್ಣಾ, ನಾಳೆ ಒಂದ್ ದಿನ ಬಗ್ಗಬ್ಯಾಡ. ನಿನ್ನ ಕಾಲಿಗಿ ಬೀಳ್ತೀನಿ. ಗಾಡಿ ಸುಟ್ಟು ಹೋಗಲಿ, ನೀ ಮಾತ್ರ ಬಗ್ಗಿ ನೋಡಬ್ಯಾಡ. ಇಕಿ ಹತ್ತಕ್ಕ ಅಲ್ಲಿರಬೇಕು.”

ಮಾವ ಬಹಳ ಹೊತ್ತು ರೊಟ್ಟಿ ಮುರಿಯುತ್ತಲೇ ಇದ್ದರು, ತಿನ್ನಲಿಲ್ಲ. ಕೊನೆಗೆ, “ಆತು” ಎಂದರು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಮನೆಯ ಬೆಕ್ಕು ಹಾಲು ಬಿಟ್ಟೇನೆಂದಿದ್ದರೂ ನಂಬುತ್ತಿದ್ದೆನೇನೋ.

ಬೆಳಿಗ್ಗೆ ಆರಕ್ಕೆ ಮೋಟಾರು. ನಾನು ಮೊದಲ ಸಲ ಉಟ್ಟ ಹೊಸ ಸೀರೆಯಲ್ಲಿ ಮುಗ್ಗರಿಸುತ್ತಾ ಹತ್ತಿದೆ. ಮಾವ ಕೆಳಗೆ ನೋಡಲಿಲ್ಲ. ಆಕಾಶವನ್ನು ನೋಡುತ್ತಾ ಹತ್ತಿದರು. ಮೆಟ್ಟಿಲು ಕಾಣದೆ ಮೊಣಕಾಲು ಬಡಿಸಿಕೊಂಡರು. ಹಸನಸಾಬ, “ಯಾಕ ಯಜಮಾನ್ರ, ಇವತ್ತು ತಪಾಸಣಿ ಇಲ್ಲೇನು?” ಎಂದು ಛೇಡಿಸಿದ.

ದಾರಿಯುದ್ದಕ್ಕೂ ನಾನು ಮಾವನನ್ನು ಕಾಯುತ್ತಿದ್ದೆ, ಮಾವ ಮುಂದಿನ ಸೀಟಿನ ಕಂಬಿಯನ್ನು ಹಿಡಿದು ಕುಳಿತಿದ್ದರು. ಗಾಡಿ ನಿಂತಾಗಲೆಲ್ಲ ಅವರ ಕಾಲು ತಾನಾಗಿ ಇಳಿಯಲು ಹೊರಡುತ್ತಿತ್ತು. ಅವರು ಅದನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದರು. ಒಂದು ಸಲ ಕಣ್ಣು ಮುಚ್ಚಿ ಎಳೆ ಎಣಿಸುವವರಂತೆ ಏನೋ ಎಣಿಸಿದರು. ನನಗೆ ನನ್ನ ಚಿಂತೆ. ಗಂಟೆ ಎಷ್ಟಾಯಿತು, ಏನು ಕೇಳುತ್ತಾರೆ, ಬಾಯಿಂದ ಮಾತು ಹೊರಡುತ್ತದೋ ಇಲ್ಲವೋ.

ಮುಧೋಳದಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ನಾವೂ ಇಳಿದೆವು. ನಾನು ನೀರು ಕುಡಿದು ಬಂದು ನೋಡುತ್ತೇನೆ, ಮಾವ ಗಾಡಿಯ ಮುಂದಿನ ಗಾಲಿಯ ಪಕ್ಕದಲ್ಲಿ ಕಂಬದಂತೆ ನಿಂತಿದ್ದಾರೆ. ಬೆನ್ನಿಗೆ ಬಿಸಿಲು ಸುಡುತ್ತಿದೆ, ನಾಲ್ಕು ಹೆಜ್ಜೆ ಆಚೆ ಗಿಡದ ನೆರಳಿದೆ. ಕರೆದರೆ ಬರಲೊಲ್ಲರು. “ನೀ ಹತ್ತಿ ಕುಂಡ್ರು ಹೋಗವಾ, ನಾ ಬರ್ತೀನಿ” ಎಂದು ನನ್ನನ್ನೇ ಅಟ್ಟಿದರು. ಹಸನಸಾಬ ಬಂದು ಇಂಜಿನ್ನು ಚಾಲೂ ಮಾಡಿದ ಮೇಲೆಯೇ ಅವರು ಆ ಜಾಗ ಬಿಟ್ಟದ್ದು.

ಪಕ್ಕದಲ್ಲಿ ಬಂದು ಕುಳಿತಾಗ ನೋಡಿದೆ, ಅವರ ಚಪ್ಪಲಿಗಳು ತೊಯ್ದಿದ್ದವು. ಧೋತರದ ಅಂಚಿನಿಂದ ಹನಿ ಇಳಿಯುತ್ತಿತ್ತು.

“ಮಾವಾ, ಏನಿದು?”

“ಏನಿಲ್ಲವಾ.” ಅವರು ನಾಲಿಗೆಯಿಂದ ತುಟಿ ಸವರಿಕೊಂಡರು. “ಅದು ಸೋರಾಕಂತನ ಇಟ್ಟ ಕೊಳವಿ ಐತಿ.”

ವರ್ಷಗಟ್ಟಲೆ ಒಪ್ಪದ ಮಾತನ್ನು ಅವರು ಹೇಳಿದ ರೀತಿಗೆ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರ ಹಣೆಯಿಂದ ಬೆವರು ಸುರಿಯುತ್ತಿತ್ತು. ನಾನು ಇನ್ನೊಂದು ಮಾತು ಕೇಳಿದ್ದರೆ ಅವರು ಗಾಡಿ ನಿಲ್ಲಿಸುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ನನಗೂ ಹತ್ತು ಗಂಟೆಯ ಹುಚ್ಚು ಹಿಡಿದಿತ್ತು.

ಜಮಖಂಡಿಯ ಗುಡ್ಡ ಕಣ್ಣಿಗೆ ಬಿತ್ತು. ಇನ್ನು ಮೂರು ಮೈಲು ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಮುಂದಿನಿಂದ ಬುಸ್ಸೆಂದು ಬಿಳಿ ಹೊಗೆ ಎದ್ದು, ಹಸನಸಾಬನ ಮುಖ ಕಾಣದಾಯಿತು. ಗಾಡಿ ನಿಂತಿತು. ಆಗ ಒಂಬತ್ತು ಗಂಟೆ ದಾಟಿತ್ತು.

ಸೋರಲಿಕ್ಕೆಂದು ಇಟ್ಟ ಕೊಳವೆಯಲ್ಲ, ಸೋರಬಾರದ ದೊಡ್ಡ ರಬ್ಬರು ಕೊಳವೆಯೇ ಸೀಳಿತ್ತು. ಟಾಕಿಯಲ್ಲಿ ಒಂದು ತಂಬಿಗೆಯಷ್ಟೂ ನೀರಿರಲಿಲ್ಲ. ಜನರೆಲ್ಲ ಇಳಿದು ಸುತ್ತ ನಿಂತರು. ಹಸನಸಾಬ ಕೈ ಒರೆಸಿಕೊಳ್ಳುತ್ತಾ ಮಾವನ ಕಡೆ ತಿರುಗಿದ.

“ಯಜಮಾನ್ರ, ಇಷ್ಟು ವರ್ಷ ನೋಡಿದ್ರಿ. ಇವತ್ತ ಯಾಕ ನೋಡ್ಲಿಲ್ಲರಿ?”

ಕುರುಬರ ಮುದುಕನೊಬ್ಬ ಅದನ್ನೇ ಎತ್ತಿಕೊಂಡ, “ಹೌದಲ್ರಿ, ದಿನಾ ನೋಡಾವ್ರು ನೀವು.” ಮತ್ತೆ ಯಾರೋ, “ನೀವರ ನೋಡಿರ್ತೀರಂತ ನಾವು ನೆಚ್ಚಿ ಕುಂತಿದ್ವಿ” ಎಂದರು. ಅವರ ಬಗ್ಗುವಿಕೆಯನ್ನು ನೋಡಿ ನಗುತ್ತಿದ್ದ ಜನವೇ ಇದು! ಮಾವ ನನ್ನ ಮುಖವನ್ನು ಒಮ್ಮೆ ನೋಡಿದರು. ನಾನು ಆಗಲೇ ಅಳತೊಡಗಿದ್ದೆ. ರಬಕವಿಯ ಜಾತಕ ಮಾಡದಿಂದ ಇಳಿದು ಎದುರಿಗೆ ಬಂದು ನಿಂತಂತಾಗಿತ್ತು.

ಆಗ ಮಾವ ತಲೆಯ ರುಮಾಲು ಬಿಚ್ಚಿದರು.

ನಮ್ಮ ಕಡೆ ಆಗ ಗಂಡಸರು ಬರಿತಲೆಯಲ್ಲಿ ಊರೊಳಗೆ ಓಡಾಡುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ರುಮಾಲು ತೆಗೆಯುತ್ತಿದ್ದರು. ಮಾವನ ನೆತ್ತಿಯನ್ನು ನಾನು ಅಂದೇ ಮೊದಲು ನೋಡಿದ್ದು. ಅವರು ರುಮಾಲನ್ನು ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಹರಿದು ಪಟ್ಟಿ ಮಾಡಿದರು. ಪಕ್ಕದ ಹೊಲದ ಬಾವಿಯಿಂದ ಜನ ತಂಬಿಗೆ, ಬುತ್ತಿಯ ಡಬ್ಬಿ, ಕೊಡ, ಕೈಗೆ ಸಿಕ್ಕದ್ದರಲ್ಲಿ ನೀರು ತಂದರು. ಮಾವ ಪಟ್ಟಿಗಳನ್ನು ನೆನೆಸಿ, ಹಿಂಡಿ, ಸೀಳಿದ ಕೊಳವೆಗೆ ಸುತ್ತತೊಡಗಿದರು. ಕಂಡಿಕೆಗೆ ನೂಲು ಸುತ್ತುವ ಕೈ ಅದು, ಒಂದರ ಮೇಲೊಂದು, ಸಂದಿಲ್ಲದ ಹಾಗೆ, ಬಿಗಿಯಾಗಿ. ಮೇಲೆ ಜೇಬಿನಲ್ಲಿದ್ದ ನೂಲಿನ ಲಡಿಯನ್ನೂ ಬಿಗಿದರು. “ತೊಯ್ದ ಅರಿವಿ ಉಬ್ಬತೈತಿ. ಉಬ್ಬಿದ್ರ ಹಿಡಿತೈತಿ” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕಾದ ಕಬ್ಬಿಣ ತಗುಲಿ ಅವರ ಎರಡು ಬೆರಳು ಸುಟ್ಟದ್ದು ನನಗೆ ತಿಳಿದದ್ದು ಸಂಜೆಗೆ.

ಗಾಡಿ ಎತ್ತಿನ ಬಂಡಿಯ ವೇಗದಲ್ಲಿ ಹೊರಟಿತು. ಮಾವ ಒಳಗೆ ಕೂರಲಿಲ್ಲ. ಮುಂದಿನ ಗಾಲಿಯ ಮೇಲಿನ ತಗಡಿನ ಮೇಲೆ ಕುಳಿತು, ತಂಬಿಗೆ ಹಿಡಿದು, ಆ ಗಂಟಿನ ಮೇಲೆ ಕಣ್ಣಿಟ್ಟುಕೊಂಡೇ ಜಮಖಂಡಿ ಹೊಕ್ಕರು.

ನಾವು ಟ್ರೇನಿಂಗ್ ಶಾಲೆಯ ಗೇಟಿಗೆ ಓಡಿಬಂದಾಗ ಹತ್ತು ಇಪ್ಪತ್ತು. ಗೇಟು ಹಾಕಿತ್ತು. ಸಿಪಾಯಿ ನನ್ನ ಕಾಗದವನ್ನು ಮುಟ್ಟಲೂ ಇಲ್ಲ. “ಹತ್ತಕ್ಕ ಅಂದ್ರ ಹತ್ತಕ್ಕ. ಈಗ ಆಗೂದಿಲ್ಲ” ಎಂದ. ಅಷ್ಟರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತಾ ಮಾವ ಬಂದರು. ಬರಿತಲೆ, ಮೈಯೆಲ್ಲ ತೊಯ್ದಿದೆ, ಹಣೆಗೆ ಮಸಿ, ಕಣ್ಣು ಕೆಂಪು. ಸಿಪಾಯಿ ಅವರ ತಲೆಯನ್ನು ನೋಡಿದ. ಅವನ ದನಿಯೇ ಇಳಿದುಹೋಯಿತು.

“ಯಾರ್ರೀ ಹೋದವ್ರು?” ಎಂದು ಮೆಲ್ಲಗೆ ಕೇಳಿದ.

ಮಾವನಿಗೆ ಆ ಪ್ರಶ್ನೆ ಕಿವಿಗೆ ಬಿದ್ದಿತೋ ಇಲ್ಲವೋ. “ತಪ್ಪು ನಂದ ಐತ್ರಿ. ಹುಡಿಗೀದು ಏನೂ ತಪ್ಪಿಲ್ಲ” ಎಂದರು. ಸಿಪಾಯಿ ಗೇಟು ತೆರೆದ. ನನಗಿಂತ ಮುಂದೆ ತಾನೇ ಒಳಗೆ ಓಡಿ ಸಂದರ್ಶನ ಮಾಡುವವರ ಕಿವಿಯಲ್ಲಿ ಏನೋ ಹೇಳಿದ.

ಮೇಜಿನ ಹಿಂದೆ ಇಬ್ಬರು ಗಂಡಸರು, ನಡುವೆ ಕನ್ನಡಕ ಹಾಕಿದ ಒಬ್ಬ ಅಕ್ಕೋರು, ಅಲ್ಲಿಯ ಶಿಕ್ಷಕಿ. “ಕುಂಡ್ರು ತಂಗೀ” ಎಂದರು ಅಕ್ಕೋರು, ಬಹಳ ಮೆತ್ತಗೆ. “ಮನ್ಯಾಗ ಇಂಥಾದ್ದಾದಾಗೂ ಬಂದೀಯಲ್ಲ. ಯಾರು ತೀರಿಕೊಂಡ್ರು?”

ಸುಳ್ಳು ಹೇಳಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ಒಬ್ಬ ಅಜ್ಜಿಯ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಅಜ್ಜಿಯರು ಹೇಗೂ ತೀರಿಕೊಂಡಿದ್ದರು. ಆದರೆ ಹೊರಗೆ ಬರಿತಲೆಯಲ್ಲಿ ನಿಂತವರ ಮುಖ ಕಣ್ಣ ಮುಂದೆ ಬಂದಿತು. “ಯಾರೂ ತೀರಿಕೊಂಡಿಲ್ಲರಿ. ನಮ್ಮ ಮಾವ ರುಮಾಲು ಮೋಟಾರಿಗಿ ಸುತ್ತ್ಯಾರ” ಎಂದುಬಿಟ್ಟೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು ನೋಡಿ, ಅಕ್ಕೋರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಹಂಗಾರ ಸಾಲಿ ಹುಡುಗರಿಗಿ ಹೇಳಿದಂಗ ಹೇಳು, ನೀರು ಯಾಕ ಸೋರಿತು?” ಎಂದರು. ನಾನು ಮಾವನ ಬೋಗುಣಿಯಿಂದ ಶುರು ಮಾಡಿದೆ. ನೆನೆದ ಕಂಡಿಕೆ, ಕಂಠಮಟ ತುಂಬಿದ ಟಾಕಿ, ಸೋರುವ ಕೊಳವೆ, ಸೋರಬಾರದ ಕೊಳವೆ, ಉಬ್ಬುವ ಅರಿವೆ. ಬೇರೇನನ್ನೂ ಅವರು ಕೇಳಲಿಲ್ಲ.

ನಾಲ್ಕು ಗಂಟೆಗೆ ಹಲಗೆಯ ಮೇಲೆ ಹೆಸರು ಬರೆದರು. ನನ್ನದು ಕೊನೆಯಿಂದ ಎರಡನೆಯದು. ಹೊರಗೆ ಬೇವಿನ ಗಿಡದ ಕೆಳಗೆ ಮಾವ, ಪಕ್ಕದಲ್ಲಿ ಸಿಪಾಯಿ ಕುಳಿತಿದ್ದರು. ಪಾಪ, ಆ ಸಿಪಾಯಿ ಅವರಿಗೆ ಎರಡು ಸಲ ಚಹಾ ತಂದುಕೊಟ್ಟು, “ಏನ್ ಮಾಡೂದ್ರಿ, ಋಣ ಅಷ್ಟ ಇತ್ತು” ಎಂದು ಸಮಾಧಾನ ಹೇಳಿದ್ದನಂತೆ. ಮಾವ, “ಹೌದ್ರಿ, ರಬ್ಬರರ ಎಷ್ಟು ದಿನ ತಾಳೀತು” ಎಂದಿದ್ದರಂತೆ.

ನಾನು ಪಾಸೆಂದು ಹೇಳಿದೆ. ಮಾವ ತಲೆಯಾಡಿಸಿದರು, ಅಷ್ಟೇ. ನನ್ನ ಜೊತೆ ಸ್ಟ್ಯಾಂಡಿಗೆ ನಡೆದರು.

ಅದೇ ಮೋಟಾರು, ಹೊಸ ಕೊಳವೆ ಹಾಕಿಸಿಕೊಂಡು ನಿಂತಿತ್ತು. ಮಾವ ಅದರಿಂದ ಎರಡು ಮಾರು ದೂರದಲ್ಲಿಯೇ ನಿಂತುಬಿಟ್ಟರು. ಕೈಗಳನ್ನು ಹಿಂದೆ ಕಟ್ಟಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದರು, “ಅವ್ವೀ, ಈಗರ ಬಗ್ಗಿ ನೋಡ್ಲಿ?”

ನಸುಕಿನಿಂದ ಅವರು ಹಿಡಿದುಕೊಂಡು ಬಂದದ್ದು ಏನೆಂಬುದು ನನಗೆ ಆಗ ತಿಳಿಯಿತು. ಮುಧೋಳದಲ್ಲಿ ಆ ನೀರು ಯಾರಿಗೂ ಕಾಣದಂತೆ ಅದರ ಮೇಲೆ ನಿಂತಾಗ ಅವರಿಗೆ ಎಷ್ಟು ಹೆದರಿಕೆಯಾಗಿತ್ತೋ! ಹೆದರಿಕೆಯೇ ಅವರ ಸ್ವಭಾವ. ಅದನ್ನು ನನಗಾಗಿ ಒಂದು ದಿನ ಕಾಲಿನ ಕೆಳಗೆ ಒತ್ತಿ ಹಿಡಿದಿದ್ದರು. ಮನೆಗೆ ಮುಟ್ಟುವವರೆಗೆ ಮಾತು ಮಾತೇ ಎಂದು ಈಗಲೂ ನನ್ನ ಅಪ್ಪಣೆ ಕೇಳುತ್ತಿದ್ದರು. ಬೆಳಿಗ್ಗೆ ಅರ್ಧಕ್ಕೇ ನಿಂತಿದ್ದ ಅಳು ಅಲ್ಲೇ, ಅಷ್ಟು ಜನರ ನಡುವೆ ಬಂದುಬಿಟ್ಟಿತು. ನನಗೆ ಅವರ ಮೇಲೆ ಅಂದಿನಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

“ನಡಿ ಮಾವಾ, ನಾನೂ ನೋಡ್ತೀನಿ” ಎಂದೆ.

ಹೊಸ ಸೀರೆಯ ನಿರಿಗೆಯನ್ನು ಎತ್ತಿ ಹಿಡಿದು ಅವರ ಪಕ್ಕದಲ್ಲಿ ಮಣ್ಣಿನಲ್ಲಿ ಮೊಣಕಾಲೂರಿ ಕುಳಿತೆ. ಇಬ್ಬರೂ ಬಗ್ಗಿದೆವು. ಸಣ್ಣ ಕೊಳವೆಯ ತುದಿಯಲ್ಲಿ ಒಂದು ಹನಿ ಕೂಡಿಕೊಂಡು, ತೂಗಿ, ಬಿತ್ತು. ಮಾವ ಅದನ್ನು ಸುಟ್ಟ ಬೆರಳಿನಲ್ಲಿ ಹಿಡಿದು ನನ್ನ ಅಂಗೈಗೆ ಹಚ್ಚಿದರು.

“ಜಿಗಿ ಐತೇನು ನೋಡು.”

“ಇಲ್ಲ ಮಾವಾ. ಬರೇ ನೀರು.”

“ಹಂಗಾರ ಸೋರಲಿ ಬಿಡು” ಎಂದರು ಮಾವ. ಎಂದರೂ, ಇನ್ನೊಂದು ಹನಿ ಬೀಳುವವರೆಗೆ ನಾವಿಬ್ಬರೂ ಅಲ್ಲಿಂದ ಏಳಲಿಲ್ಲ.